ಸೋಡಾ ವ್ಯಾನಿನಲ್ಲಿ ಬೇಸಿಗೆ ರಜೆ

೧೭ ಏಪ್ರಿಲ್ ೧೯೬೩, ಬುಧವಾರ
ಸಿದ್ಧಕಟ್ಟೆ

ಹೊರಟೇಬಿಟ್ಟೆ.

ಬಂಟ್ವಾಳ ಪೇಟೆ ಮುಗಿಯುವವರೆಗೆ ಜತ್ತಪ್ಪಣ್ಣ ಸೈಕಲ್ಲಿನಲ್ಲಿ ಹಿಂದೆಯೇ ಬಂದ. ಕೊನೆಗೆ ನಾನೇ ಪಾಪ ಕಂಡು ವ್ಯಾನ್ ನಿಲ್ಲಿಸಿದೆ. ಏದುಸಿರು ಬಿಡುತ್ತಾ ಕಿಟಕಿಯ ಹತ್ತಿರ ಬಂದ. ಹತ್ತಿರ ಎಂದರೆ ನಾಲ್ಕು ಮಾರು ದೂರ.

"ಲೋಲಾಕ್ಷಿ, ಜನ ಎಂಥ ಹೇಳಿಯಾರು? ತಂಗಿಯನ್ನು ಮನೆಯಿಂದ ಹೊರಗೆ ಹಾಕಿದ ಅಂತ ಹೇಳುದಿಲ್ವಾ?"

"ಹೊರಗೆ ಹಾಕಿ ಒಂದು ತಿಂಗಳಾಯ್ತಲ್ಲ ಅಣ್ಣ. ಜನರಿಗೆ ಈಗ ಗೊತ್ತಾಗ್ತದೆ, ಅಷ್ಟೇ."

ನಾನು ಗೇರು ಹಾಕಿದೆ.

ಕ್ಷಯ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು ಮಲಗಿ ಎದ್ದು ಬಂದವಳು ನಾನು. ಮಾರ್ಚ್ ಹದಿನೈದಕ್ಕೆ ಡಾಕ್ಟರು ಮೂರು ಸಲ ಕಫ ಪರೀಕ್ಷೆ ಮಾಡಿ, ಇವರಿಂದ ಯಾರಿಗೂ ರೋಗ ಹರಡುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟರು. ಆ ಕಾಗದವನ್ನು ಕಾವೇರಮ್ಮ ಅತ್ತಿಗೆ ಓದಲಿಲ್ಲ. ಮುಟ್ಟಲೂ ಇಲ್ಲ. ಸೋಡಾ ಫ್ಯಾಕ್ಟರಿಯ ಹಿಂದೆ ಖಾಲಿ ಬಾಟಲಿ ಇಡುವ ಕೋಣೆಯಲ್ಲಿ ನನಗೆ ಚಾಪೆ ಹಾಕಿದ್ದರು. ಒಂದು ತಟ್ಟೆ, ಒಂದು ಲೋಟ. ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಅಣ್ಣನ ಮಕ್ಕಳು ನನ್ನ ಕಡೆ ಓಡಿ ಬಂದರೆ ಅತ್ತಿಗೆ ಅವರ ಅಂಗಿಯ ಕೊರಳು ಹಿಡಿದು ಎಳೆಯುತ್ತಿದ್ದರು.

ಅದನ್ನು ಸಹಿಸಿದೆ. ಸಹಿಸಲಾಗದ್ದು ಮೊನ್ನೆ ಮೂಡಬಿದ್ರೆಯಿಂದ, ನಾನು ಒಂಬತ್ತು ವರ್ಷ ಪಾಠ ಮಾಡಿದ ಶಾಲೆಯಿಂದ ಬಂತು. ಹೆಡ್ಮಾಸ್ಟರು ಕೇಶವಪ್ರಸಾದರ ಪತ್ರ: 'ಪೋಷಕರ ಆತಂಕವನ್ನು ಗಮನಿಸಿ ತಾವು ಇನ್ನೊಂದು ವರ್ಷ ರೋಗಿ ರಜೆಯ ಮೇಲೆ ಮುಂದುವರಿಯುವುದು ಉಚಿತ.' ವ್ಯಾಕರಣದಲ್ಲಿ ತಪ್ಪಿಲ್ಲ. ಶಾಲೆ ಜೂನ್ ಮೂರಕ್ಕೆ ಶುರು. ಅಂದು ನಾನು ಅಲ್ಲಿರುತ್ತೇನೆ. ಅಲ್ಲಿಯವರೆಗೆ ಬಾಟಲಿ ಕೋಣೆಯಲ್ಲಿ ಇರುವುದಿಲ್ಲ.

ಒಳ್ಳೆಯ ಗಾಳಿಯಲ್ಲಿ ಮಲಗಿ ಎಂದು ಡಾಕ್ಟರು ಹೇಳಿದ್ದಾರೆ. ಮಲಗುತ್ತೇನೆ. ಕಾಡಿನ ಗಾಳಿಯಲ್ಲೇ ಮಲಗುತ್ತೇನೆ.

ಜ್ವರ ನೋಡಿದೆ: ೯೮.೮.

೧೮ ಏಪ್ರಿಲ್
ಗುರುವಾಯನಕೆರೆ

ವ್ಯಾನ್ ಅಪ್ಪನದು. ನನಗೆ ಇಪ್ಪತ್ತೆರಡಾಗಿದ್ದಾಗ ಡ್ರೈವರಿಗೆ ಟೈಫಾಯ್ಡ್ ಬಂದು, ಅಪ್ಪ ಬೇರೆ ದಾರಿ ಕಾಣದೆ ನನಗೇ ಬಿಡಲು ಕಲಿಸಿದರು. ಅಂದು ಪೇಟೆಯೆಲ್ಲ ನಕ್ಕಿತ್ತು. ಸಾಯುವ ಮೊದಲು "ವ್ಯಾನ್ ಲೋಲಾಕ್ಷಿಗೆ" ಎಂದಿದ್ದರು. ಹಿಂದಿನ ಬಾಟಲಿ ಹಲಗೆಗಳಲ್ಲಿ ಒಂದು ಸಾಲು ಕಳಚಿ ಹಾಸಿಗೆ ಹಾಕಿದ್ದೇನೆ. ಒಳಗೆಲ್ಲ ಶುಂಠಿಯ ವಾಸನೆ. ಬಾಗಿಲ ಮೇಲೆ ಅಪ್ಪನ ಹೆಸರಿನಲ್ಲಿ 'ಡೊಂಬಯ್ಯ ಸೋಡಾ' ಎಂದಿದ್ದದ್ದರಲ್ಲಿ ಮೊದಲ ಅಕ್ಷರ ಅಳಿಸಿಹೋಗಿ ಈಗ 'ಬಯ್ಯ ಸೋಡಾ'. ತುಳುವಿನಲ್ಲಿ ಸಂಜೆಯ ಸೋಡಾ.

ಕೆರೆಯ ಬದಿಯಲ್ಲಿ ನಿಲ್ಲಿಸಿದ ಕೂಡಲೇ ಮರದ ಲಾರಿಯ ಡ್ರೈವರ್ ಒಬ್ಬ ಬಂದ. ಹೆಸರು ಅಬ್ದುಲ್ ನಾಸಿರ್.

"ಸೋಡಾ ಉಂಟಾ ಅಕ್ಕ?"

"ಇಲ್ಲ."

"ಮತ್ತೆ ವ್ಯಾನಿನಲ್ಲಿ ಎಂಥ ಉಂಟು?"

"ನಾನು."

ಅವನು ನಕ್ಕುಬಿಟ್ಟ. ಕಾಡಿನ ದಾರಿ ಕೇಳಿದಾಗ ಮಾತ್ರ ಗಂಭೀರನಾದ. ಬೆಳ್ತಂಗಡಿ ದಾಟಿ ಘಟ್ಟದ ಬುಡಕ್ಕೆ, ಮರ ಕಡಿಯುವ ಜಾಗಕ್ಕೆ ಹೋಗುವ ಕೂಪಿನ ರಸ್ತೆಯಲ್ಲಿ ಅವನು ದಿನಾ ಮರ ಸಾಗಿಸುತ್ತಾನಂತೆ. ಸಂಜೆಯಾದ ಮೇಲೆ ಹಾರ್ನ್ ಹಾಕಬಾರದು, ಕಾಟಿ, ಅಂದರೆ ಕಾಡುಕೋಣ, ಎದುರು ಬಂದರೆ ದೀಪ ಆರಿಸಿ ಸುಮ್ಮನೆ ಕೂರಬೇಕು, ಚಕ್ರಕ್ಕೆ ಕಲ್ಲು ಕೊಡದೆ ಮಲಗಬಾರದು. "ಒಬ್ಬರೇ ಹೋಗುದಾ? ಎಂಥಕ್ಕೆ?"

"ನೋಡ್ಲಿಕ್ಕೆ" ಎಂದೆ.

ನಿಜ ಅರ್ಧ. ಪಿಲಿಕಜೆ ಎಂಬಲ್ಲಿ ಅಮ್ಮಣಿ ಇದ್ದಾಳೆ. ಆಸ್ಪತ್ರೆಯಲ್ಲಿ ಒಂಬತ್ತು ತಿಂಗಳು ನನ್ನ ಪಕ್ಕದ ಮಂಚದಲ್ಲಿದ್ದವಳು. ದಿನವಿಡೀ ಅವಳ ಕಾಡಿನ ಸುದ್ದಿ: ಮನೆಯ ಮೇಲಿನಿಂದ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಶಬ್ದಕ್ಕೆ ನಾಯಿ ಬೊಗಳುತ್ತದೆ, ಹೊಳೆಯ ಕಲ್ಲು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ನಾನು ಅವಳಿಗೆ ಅಕ್ಷರ ಕಲಿಸಿದೆ. 'ಳ' ಬರೆಯಲು ಬರುವ ಹೊತ್ತಿಗೆ ಅವಳನ್ನು ಮನೆಗೆ ಕಳಿಸಿದರು. ಮೂರು ಪತ್ರ ಹಾಕಿದ್ದೇನೆ. ಉತ್ತರವಿಲ್ಲ.

೯೮.೬. ಲೋಟವನ್ನು ಬಿಸಿನೀರಿನಲ್ಲಿ ತೊಳೆದೆ, ಎರಡು ಸಲ.

೨೦ ಏಪ್ರಿಲ್
ಕಾಡಿನ ಗೇಟು

ಗೇಟಿನವರೆಗೆ ಬಂದೆ. ಗೇಟಿನಿಂದ ಆಚೆಗೆ ಬಿಡಲಿಲ್ಲ.

ಫಾರೆಸ್ಟ್ ಗಾರ್ಡ್ ಮಾಯಿಲಪ್ಪ, ಐವತ್ತು ವಯಸ್ಸಿನವರು, ಖಾಕಿ ಅಂಗಿಯ ಮೇಲೆ ಬಿಳಿ ಬೈರಾಸು, ಉದ್ದದ ಟವಲು, ಹೊದ್ದವರು. ವ್ಯಾನಿನ ಸುತ್ತ ಒಂದು ಸುತ್ತು ಬಂದರು. ಚೀನಾ ಯುದ್ಧ ಮುಗಿದು ಐದು ತಿಂಗಳಾದರೂ ಅವರ ಕಣ್ಣಿನಲ್ಲಿ ಇನ್ನೂ ಮುಗಿದಿಲ್ಲ. ಸೀಟಿನ ಅಡಿಯನ್ನೂ ನೋಡಿದರು.

"ಹೆಂಗಸರು ಒಬ್ಬರೇ ಒಳಗೆ ಇರ್ಲಿಕ್ಕಿಲ್ಲ. ಗಾಡಿ ಅಂತೂ ಬಿಡ್ಲಿಕ್ಕೇ ಇಲ್ಲ."

"ಎಲ್ಲಿ ಬರೆದಿದೆ?"

"ಬರೆಯುದು ಎಂಥಕ್ಕೆ? ಈವರೆಗೆ ಯಾರೂ ಬರ್ಲಿಲ್ಲ."

"ಬೋರ್ಡಿನಲ್ಲಿ 'ಪ್ರವೇಶ ನಿಷಿದ್ದ' ಅಂತ ಉಂಟು. 'ನಿಷಿದ್ಧ' ಆಗ್ಬೇಕು. ಒತ್ತಕ್ಷರ ಮಹಾಪ್ರಾಣ."

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಟೀಚರಾ?"

"ಹೌದು. ಹಗಲು ನಡೆದುಕೊಂಡು ಹೋಗಿ ಬರ್ಬಹುದಾ?"

"ನಡೆದು ಹೋಗ್ಬಹುದು. ಪಿಲಿಕಜೆಗೆ ಮೂರು ಮೈಲಿ. ಏರು. ಅಲ್ಲಿ ಯಾರಿದ್ದಾರೆ?"

ಅಮ್ಮಣಿಯ ಹೆಸರು ಹೇಳಿದೆ. ಅವರ ಮುಖ ಬೇರೆಯಾಯಿತು. "ಅವಳ ಹತ್ತಿರ ಯಾರೂ ಹೋಗುದಿಲ್ಲ ಟೀಚರೇ." ಬದುಕಿದ್ದಾಳಾ ಎಂದು ಕೇಳಿದೆ. ಇದ್ದಾಳೆ ಎಂದರು.

ಮೂರು ಮೈಲಿ! ಒಂದು ಫರ್ಲಾಂಗಿಗಿಂತ ಹೆಚ್ಚು ನಡೆಯಬಾರದೆಂದು ಡಾಕ್ಟರ ಅಪ್ಪಣೆ. ಎಡಗಡೆಯ ಶ್ವಾಸಕೋಶ ಮುಕ್ಕಾಲು ಪಾಲೇ ಕೆಲಸ ಮಾಡುವುದು.

ವ್ಯಾನನ್ನು ಗೇಟಿನ ಹೊರಗೆ, ದಾರಿಗೆ ಅಡ್ಡ ಹಾಕಿದ ಮರದ ಅಡ್ಡೆಗೆ ಒಂದು ಅಡಿ ಬಿಟ್ಟು ನಿಲ್ಲಿಸಿದ್ದೇನೆ. ಇದು ಸರಕಾರದ ಕಾಡಲ್ಲ, ಸಾರ್ವಜನಿಕ ರಸ್ತೆ. ಮಾಯಿಲಪ್ಪ ಬೆಳಗಿನವರೆಗೆ ಕಾಯಲಿ.

೯೯. ಬಂದ ಆಯಾಸಕ್ಕೆ.

೨೧ ಏಪ್ರಿಲ್

ನಿದ್ರೆ ಇಲ್ಲ. ಎರಡೂ ಬಾಗಿಲು ಭದ್ರ ಮಾಡಿ, ಕಿಟಕಿ ಏರಿಸಿ, ಹಲಗೆಗೆ ಬೆನ್ನು ಕೊಟ್ಟು ಕೂತಿದ್ದೆ. ಬೆಳಗಿನ ಜಾವ ಏನೋ ವ್ಯಾನಿಗೆ ಮೈ ಉಜ್ಜಿತು. ಇಡೀ ವ್ಯಾನ್ ದೋಣಿಯ ಹಾಗೆ ಓಲಾಡಿತು. ಬೆಳಕಾದ ಮೇಲೆ ನೋಡಿದರೆ ಕಾಟಿಯ ಗೊರಸು, ನನ್ನ ಅಂಗೈಗಿಂತ ದೊಡ್ಡದು. ಬಾಗಿಲಿನ 'ಸೋಡಾ' ಪೂರ್ತಿ ಕೆಸರು.

ಮಾಯಿಲಪ್ಪ ಬಂದು ಕೇಳಿದರು, "ಹೆದರಿದಿರಾ?"

"ಇಲ್ಲ."

ಹೆದರಿದ್ದೆ. ಮನೆಗೆ ಹೋಗಿಬಿಡುವ ಎಂದೂ ಅನಿಸಿತ್ತು. ಬಾಟಲಿ ಕೋಣೆಯ ನೆನಪಾದ ಕೂಡಲೇ ಆ ಯೋಚನೆ ಹೋಯಿತು.

ನಡೆದದ್ದು: ಎರಡು ಫರ್ಲಾಂಗು. ಬಿದಿರಿನ ಮೆಳೆಯವರೆಗೆ. ಅಲ್ಲಿ ಕೂತು ಉಸಿರು ಹುಡುಕಿಕೊಂಡೆ. ೯೮.೮.

೨೩ ಏಪ್ರಿಲ್

ಐದು ಫರ್ಲಾಂಗು. ಸೆರಗನ್ನು ಬಾಯಿಗೆ ಹಿಡಿದುಕೊಂಡೇ ನಡೆಯುತ್ತೇನೆ. ಆಸ್ಪತ್ರೆಯ ಅಭ್ಯಾಸ. ಕಾಡಿನಲ್ಲಿ ಯಾರಿಗೆ ಅಂಟಿಸಲಿಕ್ಕೆ? ಆದರೂ ಕೈ ಕೇಳುವುದಿಲ್ಲ.

ವಾಪಸು ಬರುವಾಗ ಮಾಯಿಲಪ್ಪ ಚಹಾ ಕುದಿಸಿದ್ದರು. ನಾನು ನನ್ನ ಲೋಟ ತಂದೆ. ಅವರು ನನ್ನ ಸೆರಗನ್ನೇ ನೋಡುತ್ತಿದ್ದರು.

"ಕ್ಷಯವಾ?"

"ಗುಣವಾಗಿದೆ. ಕಾಗದ ಉಂಟು."

"ನನಗೆ ಓದ್ಲಿಕ್ಕೆ ಬರುದು ಮರದ ನಂಬ್ರ ಮಾತ್ರ. ನನ್ನ ಹೆಂಡತಿಗೂ ಅದೇ ಆದದ್ದು. ಆಗ ಈ ಮಾತ್ರೆ ಇರ್ಲಿಲ್ಲ." ಅವರು ತಮ್ಮದೇ ಲೋಟಕ್ಕೆ ಚಹಾ ಹೊಯ್ದು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ನನ್ನ ಲೋಟವನ್ನೇ ಮುಂದೆ ಮಾಡಿದೆ. ಯಾಕೆ ಹಾಗೆ ಮಾಡಿದೆನೋ.

ಆಮೇಲೆ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಮೂರು ಲಕೋಟೆ ತಂದರು. ನನ್ನ ಅಕ್ಷರ! ಮೂರನ್ನೂ ಒಡೆದಿರಲಿಲ್ಲ.

"ಅಂಚೆಯವನು ಇಲ್ಲಿಗೆ ಕೊಟ್ಟು ಹೋಗ್ತಾನೆ. ಮೇಲೆ ಕೊಂಡುಹೋಗಿ ಕೊಡುವವರು ಯಾರು? ನಾನೂ ಹೋಗ್ಲಿಲ್ಲ. ತಪ್ಪು ನನ್ನದೇ ಟೀಚರೇ."

ಬೈಯಬೇಕೆಂದಿದ್ದೆ. ಅವರೇ ಒಪ್ಪಿಕೊಂಡ ಮೇಲೆ ಬೈಯಲು ಏನೂ ಉಳಿಯಲಿಲ್ಲ. ಪತ್ರಗಳನ್ನು ತೆಗೆದಿಟ್ಟುಕೊಂಡೆ.

೯೮.೬.

೨೫ ಏಪ್ರಿಲ್

ಒಂದೂವರೆ ಮೈಲಿ! ಹೊಳೆಯವರೆಗೆ. ಕಲ್ಲು ತಣ್ಣಗಿದೆ, ಅಮ್ಮಣಿ ಸುಳ್ಳು ಹೇಳಿಲ್ಲ. ಕಾಲು ಇಳಿಬಿಟ್ಟು ಕೂತೆ. ಆಚೆ ದಡದ ಮರದಲ್ಲಿ ಕೆಂದಳಿಲು ಒಂದು, ಬೆಕ್ಕಿನಷ್ಟು ದೊಡ್ಡದು, ಬಾಲವನ್ನು ಕೆಳಗೆ ಬಿಟ್ಟು ಹಣ್ಣು ತಿನ್ನುತ್ತಾ ಸಿಪ್ಪೆಯನ್ನು ನನ್ನ ಎದುರಿಗೇ ಬೀಳಿಸುತ್ತಿತ್ತು. ಅದಕ್ಕೆ ನನ್ನ ಹಂಗಿಲ್ಲ. ಒಂದು ಗಂಟೆ ನೋಡಿದೆ. ಹದಿನಾಲ್ಕು ತಿಂಗಳು ಬಿಳಿ ಗೋಡೆ ನೋಡಿದ ಕಣ್ಣು ಇದು.

ಸೆಖೆ. ಕಿಟಕಿ ಎರಡೂ ಇಳಿಸಿ ಮಲಗಿದೆ.

೨೮ ಏಪ್ರಿಲ್, ಭಾನುವಾರ

ಮುಟ್ಟಿದೆ. ಮೂರು ಮೈಲಿ, ನಾಲ್ಕು ಗಂಟೆ. ಈಗ ಆಯಾಸಕ್ಕಿಂತ ಸಿಟ್ಟೇ ಹೆಚ್ಚು.

ಪಿಲಿಕಜೆಯಲ್ಲಿ ಅಮ್ಮಣಿಯ ಮನೆ ಗದ್ದೆಯ ಮೇಲ್ಬದಿಗಿದೆ. ಅಂಗಳದಲ್ಲಿ ಅವಳ ತಾಯಿ ಪೂವಮ್ಮ ಭತ್ತ ಒಣಗಿಸುತ್ತಿದ್ದರು. ಅಮ್ಮಣಿ ಎಲ್ಲಿ ಎಂದದ್ದಕ್ಕೆ ಗದ್ದೆಯ ಕೊನೆಗೆ ಕೈ ತೋರಿಸಿದರು. ಕಾಡಿನ ಅಂಚಿನಲ್ಲಿ ಕಾಡುಹಂದಿ ಓಡಿಸಲು ಕಾವಲಿಗೆ ಕಟ್ಟಿದ ಹುಲ್ಲಿನ ಗುಡಿಸಲು. ಅದಕ್ಕೆ ಗೋಡೆ ಇಲ್ಲ. ಹತ್ತು ಮಾರು ಈಚೆಗೆ ಒಂದು ಕಲ್ಲು, ಕಲ್ಲಿನ ಮೇಲೆ ಬಾಳೆಲೆಯಲ್ಲಿ ಮುಚ್ಚಿದ ಗಂಜಿ.

ಒಳಗೆ ಅಮ್ಮಣಿ. ಮೂವತ್ತರ ಹೆಂಗಸು ಹನ್ನೆರಡರ ಹುಡುಗಿಯಷ್ಟಾಗಿದ್ದಾಳೆ.

"ಲೋಲಕ್ಕ, ಇದೆಂಥದು, ನಿಮ್ಮನ್ನು ಇಲ್ಲಿಗೆ ಯಾರು ಬಿಟ್ಟದ್ದು?"

"ಯಾರೂ ಬಿಡ್ಲಿಲ್ಲ. ಬಂದೆ. ಮಾತ್ರೆ ತೆಗೊಳ್ತಾ ಇದ್ದೀಯಾ?"

"ಮುಗಿದು ಮೂರು ತಿಂಗಳಾಯ್ತು. ಬೆಳ್ತಂಗಡಿಗೆ ಹೋಗಿ ತರ್ಬೇಕು. ಒಮ್ಮೆ ಹೋದೆ. ಬಸ್ಸಿನಲ್ಲಿ ಕೆಮ್ಮಿದೆ, ಅರ್ಧ ದಾರಿಯಲ್ಲಿ ಇಳಿಸಿದರು. ಮತ್ತೆ ಹೋಗ್ಲಿಲ್ಲ. ಸಾಕು ಲೋಲಕ್ಕ. ಇಲ್ಲಿ ಹಕ್ಕಿ ಬರ್ತದೆ, ನೋಡ್ತೇನೆ."

"ನಾಳೆ ನನ್ನ ಜೊತೆ ಬಾ."

"ನೀವು ಟೀಚರ್. ಎಲ್ಲರಿಗೂ ಹೇಳಿ ಅಭ್ಯಾಸ. ನಾನು ಬರುದಿಲ್ಲ."

ನನ್ನ ಮೂರು ಪತ್ರ ಅವಳ ಕೈಗೆ ಕೊಟ್ಟೆ. ತಿರುಗಿಸಿ ನೋಡಿದಳು. ಒಡೆಯಲಿಲ್ಲ.

ವಾಪಸು ಬರುವಾಗ ಅಂಗಳದಲ್ಲಿ ನಿಂತು ಪೂವಮ್ಮನಿಗೆ ಬಾಯಿಗೆ ಬಂದದ್ದು ಹೇಳಿದೆ. ನಾಯಿಗೂ ಹೀಗೆ ಹಾಕುವುದಿಲ್ಲ ಎಂದೆ. ಅವರು ಭತ್ತದಲ್ಲಿ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ.

"ಮನೆಯಲ್ಲಿ ಮಗನ ಮಕ್ಕಳು ಮೂರುಂಟು ಟೀಚರೇ. ಒಂದಕ್ಕೆ ಇನ್ನೂ ಹಲ್ಲು ಬರ್ಲಿಲ್ಲ. ನಾನು ಯಾವ ಕಣ್ಣನ್ನು ಕಿತ್ತು ಬಿಸಾಡುದು, ನೀವೇ ಹೇಳಿ."

ಇಳಿಯುವ ದಾರಿಯುದ್ದಕ್ಕೂ ಉತ್ತರ ಹುಡುಕಿದೆ. ಕಾವೇರಮ್ಮ ಅತ್ತಿಗೆ ಅಂಗಿಯ ಕೊರಳು ಹಿಡಿದು ಎಳೆಯುತ್ತಿದ್ದದ್ದು ಎರಡು ಸಲ ನೆನಪಿಗೆ ಬಂತು.

೩೦ ಏಪ್ರಿಲ್

ಮತ್ತೆ ಹೋದೆ. ಬರುವುದಿಲ್ಲ ಎಂದಳು.

೨ ಮೇ

ಮತ್ತೆ ಹೋದೆ. ಬರುವುದಿಲ್ಲ ಎಂದಳು. ಮಂಗಟ್ಟೆ ಎರಡು ಹಾರಿದವು. ನಾಯಿ ಬೊಗಳಿತು.

ನಾನು ನಾಸಿರನ ಲಾರಿಯಲ್ಲಿ ಬೆಳ್ತಂಗಡಿಯಿಂದ ತರಿಸಿದ ರೊಟ್ಟಿ ತಿಂದೆವು. ಒಂದೇ ಎಲೆಯಲ್ಲಿ ತಿಂದದ್ದಕ್ಕೆ ಅವಳು ಬೈದಳು. "ನನಗೆ ಕೀಟ ಉಂಟು, ನಿಮಗೆ ಇಲ್ಲ. ದೂರ ಕೂತ್ಕೊಳ್ಳಿ ಮಾರಾಯ್ತಿ." ಸರಿ ಎಂದು ದೂರ ಕೂತೆ. ಅವಳು ಹೇಳಿದ್ದು ವೈದ್ಯಶಾಸ್ತ್ರದ ಪ್ರಕಾರ ಸರಿ.

ಹೋಗುವ ಹೊತ್ತಿಗೆ ಕೇಳಿದಳು, "ಮೊದಲ ಪತ್ರದಲ್ಲಿ 'ನಿನ್ನ ಮಂಚದಲ್ಲಿ ಈಗ ಗೊರಕೆಯ ಹೆಂಗಸು' ಅಂತ ಬರೆದಿದ್ದೀರಲ್ಲ, ಅದು ಯಾರು?"

ಓದಿದ್ದಾಳೆ. ಪೂರ್ತಿ ಓದಿದ್ದಾಳೆ. ನಾನು ಗೊರಕೆಯ ಹೆಂಗಸಿನ ಕಥೆ ಹೇಳಿದೆ. ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು.

೭ ಮೇ
ಬೆಳ್ತಂಗಡಿ

ನಿನ್ನೆ ಬೆಳಿಗ್ಗೆ ಹೋದಾಗ ಅಮ್ಮಣಿಯ ಬಾಯಿಯಿಂದ ರಕ್ತ. ಚಾಪೆಯೆಲ್ಲ ಕೆಂಪು. ಪೂವಮ್ಮ ಕಲ್ಲಿನ ಈಚೆ ನಿಂತು ಎದೆ ಬಡಿದುಕೊಳ್ಳುತ್ತಿದ್ದರು, ಮುಂದೆ ಬರಲಾರರು, ಹಿಂದೆ ಹೋಗಲಾರರು.

ಅಮ್ಮಣಿಯನ್ನು ಹೊತ್ತುಕೊಳ್ಳುವ ಶಕ್ತಿ ನನಗಿಲ್ಲ. ಹೊರುವವರು ಯಾರೂ ಇಲ್ಲ. ಓಡಿದೆ. ಮೂರು ಮೈಲಿ ಇಳಿಜಾರು ಓಡಿದೆ. ಗೇಟಿಗೆ ಬಂದು ಮಾಯಿಲಪ್ಪರ ಎದುರು ನಿಂತಾಗ ಮಾತು ಹೊರಡಲಿಲ್ಲ. ವ್ಯಾನಿಗೆ ಕೈ ತೋರಿಸಿದೆ, ಕಾಡಿಗೆ ಕೈ ತೋರಿಸಿದೆ.

ಅವರು ಅಡ್ಡೆ ಎತ್ತಿದರು.

"ನಿಮ್ಮ ಕೆಲಸ?" ಎಂದೆ, ಉಸಿರು ಬಂದ ಮೇಲೆ.

"ಸೋಡಾ ವ್ಯಾನಿಗೆ ಗೇಟು ತೆರೆಯಬಾರದು ಅಂತ ಎಲ್ಲಿಯೂ ಬರೆದಿಲ್ಲ" ಎಂದು ಅವರೂ ಪಕ್ಕದಲ್ಲಿ ಹತ್ತಿ ಕೂತರು.

ಕೂಪಿನ ರಸ್ತೆ ಹೊಳೆಯ ಹತ್ತಿರ ಎರಡು ಕಲ್ಲುಗಳ ನಡುವೆ ಇಳಿದು ಏರುತ್ತದೆ. ಲಾರಿಗೆ ದೊಡ್ಡ ಚಕ್ರ. ನಮ್ಮ ವ್ಯಾನ್ ನೀರಿನ ಮಧ್ಯದಲ್ಲಿ ನಿಂತೇಬಿಟ್ಟಿತು. ಮಾಯಿಲಪ್ಪ ಇಳಿದು ಸೊಂಟದ ಬೈರಾಸು ಬಿಚ್ಚಿ ಹಿಂಚಕ್ರದ ಅಡಿಗೆ ತುರುಕಿದರು, ಸೊಪ್ಪು ತುರುಕಿದರು, ಹಿಂದಿನಿಂದ ನೂಕಿದರು. ನಾನು ಅಪ್ಪ ಹೇಳಿಕೊಟ್ಟ ಹಾಗೆ ಹಿಂದೆ, ಮುಂದೆ, ಹಿಂದೆ, ಮುಂದೆ. ಏರಿತು.

ಅಮ್ಮಣಿ ಈ ಸಲ ಬರುವುದಿಲ್ಲ ಎನ್ನಲಿಲ್ಲ. ಮಾಯಿಲಪ್ಪ ಅವಳನ್ನು ಎತ್ತಿ ಬಾಟಲಿ ಹಲಗೆಯ ಮೇಲೆ ಮಲಗಿಸಿದರು. ಪೂವಮ್ಮ ಅಂಗಳದಿಂದ ಓಡಿ ಬಂದು ಒಂದು ಕಂಬಳಿಯನ್ನು ನನ್ನ ಕೈಗೆ ಕೊಟ್ಟರು. ಕೈಗೇ ಕೊಟ್ಟರು.

ಬೆಳ್ತಂಗಡಿಯ ಡಾಕ್ಟರು ಚಿಕ್ಕ ವಯಸ್ಸಿನವರು. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ರಕ್ತ ನಿಲ್ಲಲು ಮದ್ದು ಕೊಟ್ಟು ರಾತ್ರಿಯೆಲ್ಲ ಹತ್ತಿರವೇ ಇದ್ದರು. ಬೆಳಿಗ್ಗೆ ಹೇಳಿದರು: "ಮೊದಲಿನಿಂದ ಶುರು ಮಾಡ್ಬೇಕು. ಮೂರು ತಿಂಗಳು ದಿನಾ ಇಂಜೆಕ್ಷನ್, ಜೊತೆಗೆ ಮಾತ್ರೆ. ಕ್ಷಯಕ್ಕೆ ನಮ್ಮಲ್ಲಿ ಬೇರೆ ವಾರ್ಡಿಲ್ಲ. ಮದ್ದು ಉಂಟು. ಹತ್ತಿರ ಎಲ್ಲಿಯಾದರೂ ಇದ್ದು ದಿನಾ ಬಂದರೆ ಸಾಕು. ಇರ್ಲಿಕ್ಕೆ ಜಾಗ ಉಂಟಾ?"

"ಉಂಟು" ಎಂದೆ. "ಹೊರಗೆ ನಿಲ್ಲಿಸಿದ್ದೇನೆ."

ಅವರು ಕಿಟಕಿಯಿಂದ ನೋಡಿದರು. "ಗೋಳಿಮರದ ಕೆಳಗೆ ನಿಲ್ಲಿಸಿ, ನೆರಳುಂಟು. ಬಾಗಿಲು ತೆರೆದಿಟ್ಟು ಮಲಗಿ. ತಲೆ ಒಬ್ಬೊಬ್ಬರದ್ದು ಒಂದೊಂದು ದಿಕ್ಕಿಗೆ. ಅವರು ಕೆಮ್ಮುವಾಗ ಬಾಯಿಗೆ ಬಟ್ಟೆ. ನೀವು ನಿಮ್ಮ ಜ್ವರ ನೋಡ್ಕೊಳ್ತಾ ಇದ್ದೀರಲ್ಲ?"

ಹೌದೆಂದು ತಲೆಯಾಡಿಸಿದೆ. ಥರ್ಮಾಮೀಟರ್ ಎಲ್ಲಿಟ್ಟಿದ್ದೇನೆಂದು ಹುಡುಕಬೇಕು.

೮ ಮೇ

ಮೊದಲ ಇಂಜೆಕ್ಷನ್. ಥರ್ಮಾಮೀಟರ್ ಅಕ್ಕಿಯ ಡಬ್ಬಿಯಲ್ಲಿತ್ತು. ಅಮ್ಮಣಿಗೆ ೧೦೧.೪.

೧೫ ಮೇ

ಅಮ್ಮಣಿಗೆ ೧೦೦. ಊಟ ಸ್ವಲ್ಪ. ಸಿಡುಕು ಬಹಳ.

ಆಸ್ಪತ್ರೆಗೆ ಬರುವವರೆಲ್ಲ ವ್ಯಾನ್ ನೋಡಿ ಸೋಡಾ ಕೇಳುತ್ತಾರೆ. "ಸೋಡಾ ಮುಗಿದಿದೆ, ಕ್ಷಯ ಉಂಟು" ಎಂದು ಅಮ್ಮಣಿ ಒಳಗಿನಿಂದ ಹೇಳುತ್ತಾಳೆ. ಓಡುತ್ತಾರೆ. ಅವಳಿಗೆ ಅದೊಂದು ಆಟ. ನಾನು ಗದರಿಸಿದೆ. ನಗು ಬಂದು ಗದರಿಕೆ ಅರ್ಧಕ್ಕೇ ನಿಂತಿತು.

೨೪ ಮೇ

ಜತ್ತಪ್ಪಣ್ಣ ಬಂದಿದ್ದ. ನಾಸಿರ್ ಬಂಟ್ವಾಳಕ್ಕೆ ಮರ ಸಾಗಿಸುವಾಗ ಸುದ್ದಿ ಮುಟ್ಟಿಸಿದ್ದನಂತೆ. ಗೋಳಿಮರದ ಆಚೆ ನಿಂತು ಬಹಳ ಹೊತ್ತು ನೋಡಿದ. ಒಲೆಯ ಮೇಲೆ ಅನ್ನ, ಹಲಗೆಯ ಮೇಲೆ ಅಮ್ಮಣಿ, ಹಗ್ಗದ ಮೇಲೆ ಇಬ್ಬರ ಸೀರೆ.

"ಮನೆಗೆ ಬಾ ಲೋಲಾಕ್ಷಿ. ಒಳಗಿನ ಕೋಣೆ ಖಾಲಿ ಮಾಡಿದ್ದೇವೆ. ನಿನ್ನ ಅತ್ತಿಗೆಯೇ ಹೇಳಿದ್ದು."

"ಇವಳನ್ನೂ ಕರ್ಕೊಂಡು ಬರ್ಲಾ?"

ಅವನು ನೆಲ ನೋಡಿದ.

"ಹಾಗಾದರೆ ಈಗ ಬೇಡ ಅಣ್ಣ. ಅತ್ತಿಗೆಗೆ ಕೋಪ ಇಲ್ಲ ಅಂತ ಹೇಳು. ನಿಜವಾಗಿಯೂ ಇಲ್ಲ. ಮಕ್ಕಳಿದ್ದ ಮನೆ."

ಅತ್ತಿಗೆ ಮಿಡಿ ಉಪ್ಪಿನಕಾಯಿ ಕಳಿಸಿದ್ದರು. ಕೊಟ್ಟು ಹೋಗಬೇಕಿದ್ದವನು ವ್ಯಾನಿನ ಮೆಟ್ಟಿಲ ಮೇಲೆ ಕೂತ. ಅನ್ನ ಬಡಿಸಿದೆ. ಒಂದು ತುತ್ತು ತಿಂದ, ಮತ್ತೊಂದು ತಿಂದ, ಬಟ್ಟಲು ಮುಗಿಸಿದ. ಹೋಗುವ ಮೊದಲು ಬ್ಯಾಟರಿಗೆ ನೀರು ಹಾಕಿ, ಮುಂದಿನ ಚಕ್ರದ ನಟ್ಟುಗಳನ್ನೆಲ್ಲ ಬಿಗಿ ಮಾಡಿದ. "ಅಪ್ಪನಿಗೂ ಹೀಗೇ, ನಟ್ಟು ನೋಡುವ ಬುದ್ಧಿ ಇರ್ಲಿಲ್ಲ" ಎಂದ. ಕಣ್ಣು ಒದ್ದೆಯಾಗಿತ್ತು. ಎಣ್ಣೆ ತಾಗಿದೆ ಎಂದ.

೩೧ ಮೇ

ಮಳೆಯ ಮೋಡ ಕಟ್ಟಿದೆ. ವ್ಯಾನಿನ ಮಾಡಿನ ಬಿರುಕಿಗೆ ಡಾಂಬರು ಬಳಿದೆ.

ಲೆಕ್ಕ ಸರಿ ಬರುತ್ತಿಲ್ಲ. ಸೋಮವಾರ ಶಾಲೆ. ಅಮ್ಮಣಿಯ ಇಂಜೆಕ್ಷನ್ ಆಗಸ್ಟಿನವರೆಗೆ. ಮಳೆಗಾಲದಲ್ಲಿ ಈ ವ್ಯಾನಿನಲ್ಲಿ ಮೂಡಬಿದ್ರೆಗೆ ದಿನಾ ಹೋಗಿ ಬರಲಾಗದು. ಇವಳನ್ನು ಬಿಟ್ಟರೆ ಮತ್ತೆ ಗುಡಿಸಲಿಗೆ ಹೋಗುತ್ತಾಳೆ. ರಜೆ ಹಾಕಿದರೆ ಹೆಡ್ಮಾಸ್ಟರು ಗೆದ್ದರು. 'ಉಚಿತ' ಎಂದು ಬರೆದಿದ್ದರಲ್ಲ, ಉಚಿತವೇ ಆಯಿತು.

ಅಮ್ಮಣಿ ಕೇಳಿದಳು, "ಎಂಥ ಯೋಚನೆ? ಹೋಗಿ ಲೋಲಕ್ಕ. ನನ್ನನ್ನು ನೋಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅದಕ್ಕೇ ನೋಡುದು."

ಡಾಕ್ಟರಿಂದ ನನ್ನ ಎದೆಯನ್ನೂ ಪರೀಕ್ಷೆ ಮಾಡಿಸಿದೆ. ಹೊಸ ಕಾಗದ ಕೊಟ್ಟರು. "ಮೂರು ಮೈಲಿ ಓಡಿದವರಿಗೆ ನಾನು ಬೇರೆ ಬರೆದು ಕೊಡ್ಬೇಕಾ?" ಎಂದು ನಕ್ಕರು.

೩ ಜೂನ್, ಸೋಮವಾರ
ಮೂಡಬಿದ್ರೆ

ವ್ಯಾನನ್ನು ಅಮ್ಮಣಿಗೆ ಬಿಟ್ಟು ನಸುಕಿಗೆ ನಾಸಿರನ ಲಾರಿಯಲ್ಲಿ ಹೊರಟೆ. ನಿನ್ನೆ ಸಂಜೆ ನಾಸಿರನ ಲಾರಿಯಿಂದ ಯಾರು ಇಳಿದರೆಂದರೆ ಪೂವಮ್ಮ, ಕೈಯಲ್ಲಿ ಕುಚ್ಚಲಕ್ಕಿಯ ಗಂಟು. ಸೊಸೆಗೆ ಮಕ್ಕಳನ್ನು ಒಪ್ಪಿಸಿ ಬಂದಿದ್ದಾರೆ. ಗೋಳಿಮರದ ಬೇರಿನ ಮೇಲೆ ಕೂತು ಮಗಳನ್ನು ನೋಡುತ್ತಲೇ ಇದ್ದರು. "ನಾಳೆ ಹಗಲು ನಾನಿರ್ತೇನೆ, ನೀವು ಹೋಗಿ ಬನ್ನಿ" ಎಂದರು.

ಕೇಶವಪ್ರಸಾದರು ಆಫೀಸು ಕೋಣೆಯಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಗೌರವಕ್ಕಲ್ಲ, ಕಿಟಕಿಯ ಕಡೆ ಸರಿಯಲು.

"ನಾನು ಬರೆದಿದ್ದೆನಲ್ಲ ಟೀಚರ್."

"ಓದಿದೆ ಸರ್. ರೋಗಿ ರಜೆ ಅಂತ ಬರೆದಿದ್ದಿರಿ. ನಾನು ರೋಗಿ ಅಲ್ಲ. ಎರಡು ಡಾಕ್ಟರ ಕಾಗದ ಇಲ್ಲುಂಟು."

"ಕಾಗದ ಇರ್ಬಹುದು. ಮಕ್ಕಳ ತಂದೆ ತಾಯಿಯರಿಗೆ ನಾನು ಎಂಥ ಹೇಳ್ಲಿ?"

"ನೀವು ಹೇಳುದು ಬೇಡ. ನನ್ನನ್ನೇ ಕೇಳ್ಲಿ. ನಾನು ಕ್ಲಾಸಿನಲ್ಲಿ ಇರ್ತೇನೆ."

ಅವರು ಕಾಗದಗಳನ್ನು ಮೇಜಿನ ಮೇಲೆಯೇ ಬಗ್ಗಿ ಓದಿದರು. ಕೊನೆಗೆ ಹಾಜರಿ ಪುಸ್ತಕವನ್ನು ಅಡಿಕೋಲಿನ ತುದಿಯಿಂದ ನನ್ನತ್ತ ತಳ್ಳಿದರು. ನಾನು ಸಹಿ ಹಾಕಿದೆ. ದೊಡ್ಡದಾಗಿ ಹಾಕಿದೆ, ಎರಡು ಮನೆ ತುಂಬುವ ಹಾಗೆ.

ಐದನೆಯ ತರಗತಿ. ಮೂವತ್ತೊಂದು ಹೆಸರು, ಬಂದದ್ದು ಒಂಬತ್ತು. ಉಳಿದವರನ್ನು ಹೊರಗಿನಿಂದಲೇ ಕರೆದುಕೊಂಡು ಹೋಗಿದ್ದರು. ಒಂಬತ್ತು ಮಂದಿಗೆ ಕಾಟಿಯ ಗೊರಸನ್ನು ಕಪ್ಪು ಹಲಗೆಯಲ್ಲಿ ಬರೆದು ತೋರಿಸಿದೆ. ಮಂಗಟ್ಟೆಯ ರೆಕ್ಕೆಯ ಶಬ್ದ ಮಾಡಿ ತೋರಿಸಿದೆ, ಎರಡು ಪುಸ್ತಕ ಬೀಸಿ. ಮಧ್ಯಾಹ್ನದ ಮೇಲೆ ಹದಿನಾಲ್ಕಾದರು. ಕಿಟಕಿಯ ಹೊರಗೆ ಇಬ್ಬರು ತಾಯಂದಿರು ನಿಂತಿದ್ದರು. ಒಬ್ಬರು ಕೇಳಿದರು, "ಟೀಚರ್, ಈಗ ಹೇಗಿದ್ದೀರಿ?" ಕೇಳಿದ್ದು ನಿಜವಾಗಿ ನನ್ನನ್ನಲ್ಲ, ನನ್ನ ಶ್ವಾಸಕೋಶವನ್ನು. ಇಬ್ಬರ ಪರವಾಗಿಯೂ ಚೆನ್ನಾಗಿದ್ದೇವೆ ಎಂದೆ.

ನಾಲ್ಕೂವರೆಗೆ ಗಂಟೆ ಬಾರಿಸಿದ ಮೇಲೆ ಆಫೀಸಿಗೆ ಹೋಗಿ ರಜೆಯ ಅರ್ಜಿ ಮುಂದಿಟ್ಟೆ. ನಾಳೆಯಿಂದ ಆಗಸ್ಟ್ ಹನ್ನೊಂದರವರೆಗೆ. ಕಾರಣ: ಕ್ಷಯವಾದ ಗೆಳತಿಯ ಶುಶ್ರೂಷೆ.

ಹೆಡ್ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. "ಇದನ್ನೇ ಅಲ್ಲವಾ ನಾನು ಏಪ್ರಿಲಿನಲ್ಲಿ ಹೇಳಿದ್ದು? ರಜೆ ತೆಗೊಳ್ಳಿ ಅಂತ?"

"ಅಲ್ಲ ಸರ್. ನೀವು ಕೊಟ್ಟದ್ದು ರೋಗಿಗೆ ರಜೆ. ಇದು ಗುಣವಾದವಳು ಕೇಳುವ ರಜೆ. ಹನ್ನೆರಡಕ್ಕೆ ಬರ್ತೇನೆ. ಐದನೆಯ ಕ್ಲಾಸು ಬೇರೆಯವರಿಗೆ ಕೊಡ್ಬೇಡಿ."

"ಕ್ಷಯದವರ ಜೊತೆ ಎರಡು ತಿಂಗಳು ಇದ್ದು ಮತ್ತೆ ಇಲ್ಲಿಗೆ ಬರುದಾ?"

"ಬರುವಾಗ ಮೂರನೆಯ ಕಾಗದ ತರ್ತೇನೆ."

ಅವರು ಅರ್ಜಿಯನ್ನು ಕೈಯಲ್ಲೇ ಎತ್ತಿಕೊಂಡು, ಎರಡು ಸಲ ಓದಿ, "ಶುಶ್ರೂಷೆ ಅಂತ ತಪ್ಪಿಲ್ಲದೆ ಬರೆಯುವವರು ಈ ಶಾಲೆಯಲ್ಲಿ ನೀವೊಬ್ಬರೇ" ಎಂದು ಸಹಿ ಹಾಕಿದರು.

೪ ಜೂನ್
ಬೆಳ್ತಂಗಡಿ

ಮಳೆ ಶುರುವಾಯಿತು. ಶುರುವಾದದ್ದಲ್ಲ, ಬಿದ್ದುಬಿಟ್ಟಿತು. ಡಾಂಬರು ಬಳಿದಲ್ಲಿ ಸೋರುತ್ತಿಲ್ಲ, ಬಳಿಯದಲ್ಲಿ ಸೋರುತ್ತಿದೆ. ಇನ್ನೊಂದು ಸಾಲಿನ ಹಲಗೆಗಳನ್ನೂ ಕಳಚಿ ಪೂವಮ್ಮನಿಗೆ ಜಾಗ ಮಾಡಿದೆವು. ಒಳಗೆ ಮಲಗಲು ಒಪ್ಪಲಿಲ್ಲ. ಸಿಡಿಲು ಹೊಡೆದ ಮೇಲೆ ಒಪ್ಪಿದರು. ಈಗ ಮಗಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಾರೆ. ಅಮ್ಮಣಿ ಬೈಯುತ್ತಿದ್ದಾಳೆ: ಕಾಲಿಗೆ ಎಂಥ ಆಗಿದೆ, ರೋಗ ಇರುದು ಎದೆಯಲ್ಲಿ. ೯೯.೨.

ಸಂಜೆ ಕಂಪೌಂಡರ್ ಕೊಡೆ ಹಿಡಿದು ಬಂದ. ನಾಳೆ ಮಂಗಳೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರಂತೆ. ಅಂಗಳದಲ್ಲಿ ಸೋಡಾ ವ್ಯಾನ್, ಹಗ್ಗದಲ್ಲಿ ಸೀರೆ, ನೋಡಿದರೆ ಏನು ಹೇಳಿಯಾರು? ಒಂದು ದಿನದ ಮಟ್ಟಿಗೆ ಬೇರೆ ಕಡೆ ತೆಗೆದರೆ ಒಳ್ಳೆಯದು ಎಂದ. ಪಾಪ, ಅವನದೇನೂ ತಪ್ಪಿಲ್ಲ. ನೋಡುವ ಎಂದು ಕಳಿಸಿದೆ.

"ನಾಳೆ ಎಲ್ಲಿಗೆ ಹೋಗುದು ಲೋಲಕ್ಕ?" ಅಮ್ಮಣಿ ಕೇಳಿದಳು.

"ನಾಳೆ ನಿನಗೆ ಇಪ್ಪತ್ತೊಂಬತ್ತನೆಯ ಇಂಜೆಕ್ಷನ್. ಎಲ್ಲಿಗೂ ಇಲ್ಲ."

ಮಳೆಯಲ್ಲೇ ಇಳಿದು ಹೋಗಿ ನಾಲ್ಕೂ ಚಕ್ರದ ಗಾಳಿ ಬಿಟ್ಟು ಬಂದೆ.